ದಾನವಾದ ಮೇಲೆ

ವಯಸ್ಸಿಗೆ ಬಂದ ಮಗನಿಗೋ ಮಗಳಿಗೋ ಮೂತ್ರಪಿಂಡದ ಕಸಿಯಾಗಿ, ಪ್ರಾಣಭಯವು ಕಳೆದು, ಆದರೆ ಆರೋಗ್ಯವು ಇನ್ನೂ ಪೂರ್ಣವಾಗಿ ಕೈಸೇರದೆ ಇರುವ ದೀರ್ಘವಾದ ನಡುಗಾಲದಲ್ಲಿ ತಂದೆತಾಯಿಗಳು ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದು ನಮ್ಮ ಹಿರಿಯರಿಗೆ ಎದುರಾಗದೆ ಇದ್ದ ಪ್ರಶ್ನೆ. ಅವರ ಕಾಲದಲ್ಲಿ ಎರಡೂ ಮೂತ್ರಪಿಂಡಗಳು ಕೆಟ್ಟವನು ಉಳಿಯುತ್ತಿರಲಿಲ್ಲ. ಆದುದರಿಂದ ಉಳಿದವನನ್ನು ವರ್ಷಗಟ್ಟಲೆ ಪಾಲಿಸುವ ಸಂದರ್ಭವೂ ಒದಗುತ್ತಿರಲಿಲ್ಲ. ಈಗ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬೆಳುಂಕಿಯಂಥ, ಮಹಾರಾಷ್ಟ್ರದ ಆಡಳಿತಕ್ಕೆ ಸೇರಿದ್ದರೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಗಡಿಯ ಹಳ್ಳಿಗಳಲ್ಲಿಯೂ ಡಯಾಲಿಸಿಸ್, ಕ್ರಿಯಾಟಿನಿನ್, ಕಿಡ್ನಿ ಬದಲಿ ಎಂಬ ಶಬ್ದಗಳು ಕಟ್ಟೆಯ ಮಾತಿನಲ್ಲಿ ಬೆರೆತುಹೋಗಿವೆ. ಶಬ್ದಗಳು ಬಂದಷ್ಟು ಶೀಘ್ರವಾಗಿ ಅವುಗಳಿಗೆ ತಕ್ಕ ನಡವಳಿಕೆ ಬಂದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಶುಶ್ರೂಷೆಯಲ್ಲಿ ಅತ್ಯಂತ ಕಠಿನವಾದ ಭಾಗವೆಂದರೆ ಹೊತ್ತರಿತು ಕೈ ಹಿಂದೆಗೆಯುವುದು, ನಮ್ಮ ಮನೆಗಳಲ್ಲಿ ಅದರ ಅಭ್ಯಾಸ ಬಹಳ ಕಡಿಮೆ.

ನಮ್ಮ ಪುರಾಣಗಳು ದೇಹದಾನವನ್ನು ಚೆನ್ನಾಗಿ ಬಲ್ಲವು. ಬೇಡರ ಕಣ್ಣಪ್ಪನು ತನ್ನ ಕಣ್ಣನ್ನು ಕಿತ್ತು ಲಿಂಗಕ್ಕೆ ಇಟ್ಟೊಡನೆ ಅಲ್ಲಿ ಸುರಿಯುತ್ತಿದ್ದ ರಕ್ತ ನಿಂತಿತು. ಪುರುವು ತನ್ನ ತಾರುಣ್ಯವನ್ನು ತಂದೆಯಾದ ಯಯಾತಿಗೆ ಒಪ್ಪಿಸಿದೊಡನೆ ವೃದ್ಧನು ಯುವಕನಾದನು. ಕಥೆ ಹೇಳುವವನ ಗಮನವೆಲ್ಲ ಕೊಡುವ ಗಳಿಗೆಯ ಮೇಲೆ. ಕೊಟ್ಟದ್ದು ಪಡೆದವನ ಮೈಗೆ ಹೊಂದಿತೆ, ಮರುವರ್ಷ ಅವನು ಹೇಗಿದ್ದನು ಎಂದು ಯಾವ ಶ್ರೋತೃವೂ ಕೇಳುವುದಿಲ್ಲ. ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರರು ಕಣ್ಣಪ್ಪನಾಗಿ ಕನ್ನಡಿಗರೆದುರು ನಿಂತದ್ದು 1954ರಲ್ಲಿ. ಅದೇ ವರ್ಷದ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯರು ರೊನಾಲ್ಡ್ ಹೆರಿಕ್ ಎಂಬಾತನ ಒಂದು ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಜೋಡಿಸಿ ಮೊತ್ತಮೊದಲು ಯಶಸ್ಸು ಕಂಡರು. ಅದು ಫಲಿಸಿದುದಕ್ಕೆ ಕಾರಣ ಅವರಿಬ್ಬರೂ ಏಕರೂಪದ ಅವಳಿಗಳಾಗಿದ್ದುದು. ಅದಕ್ಕೆ ಎರಡು ವರ್ಷ ಮೊದಲು, 1952ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ ಮಾರಿಯಸ್ ರೆನಾರ್ ಎಂಬ ಹದಿನಾರರ ಹರೆಯದ ಬಡಗಿಯೊಬ್ಬನು ಮೇಲಿನಿಂದ ಬಿದ್ದು ತನಗಿದ್ದ ಒಂದೇ ಮೂತ್ರಪಿಂಡವನ್ನು ಕಳೆದುಕೊಂಡಾಗ ಅವನ ತಾಯಿ ತನ್ನದೊಂದನ್ನು ಕೊಟ್ಟಿದ್ದಳು. ಅದು ಸುಮಾರು ಮೂರು ವಾರ ಕೆಲಸ ಮಾಡಿ ನಿಂತುಹೋಯಿತು, ಹುಡುಗನು ಉಳಿಯಲಿಲ್ಲ. ತಾಯಿಯ ಪ್ರೇಮದಲ್ಲಿ ಲೋಪವಿರಲಿಲ್ಲ. ಮಗನ ರಕ್ತವು ಮಾತ್ರ ಪ್ರೇಮವನ್ನು ಗುರುತಿಸದೆ, ಬಂದದ್ದು ಪರಕೀಯವೆಂದು ತಳ್ಳಿಹಾಕಿತು.

ಆ ಮೇಲಿನ ದಶಕಗಳಲ್ಲಿ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಮೊದಲಾದ ಔಷಧಗಳು ಬಂದು ಈ ತಿರಸ್ಕಾರವನ್ನು ಹತೋಟಿಗೆ ತಂದವು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಮೊದಲ ಕಸಿ ಯಶಸ್ವಿಯಾದ ಮೇಲೆ ಅದು ಈಗ ಬೆಳಗಾವಿ, ಪುಣೆಗಳಲ್ಲಿಯೂ ನಡೆಯುವ ಚಿಕಿತ್ಸೆಯಾಗಿದೆ. ಆದರೆ ಶರೀರದ ವೈರವು ಸತ್ತಿಲ್ಲ, ನಿದ್ರೆಯಲ್ಲಿದೆ. ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಗುಳಿಗೆ ಬಿದ್ದರೆ ಅದು ಮಲಗಿರುತ್ತದೆ. ಮತ್ತು ಅದನ್ನು ಮಲಗಿಸುವ ಔಷಧವೇ ಕ್ಷಯಾದಿ ರೋಗಗಳನ್ನು ತಡೆಯುವ ಕಾವಲನ್ನೂ ಮಲಗಿಸುತ್ತದೆ. ಮೊದಲ ಕೆಲವು ತಿಂಗಳು ವಾರವಾರವೂ ರಕ್ತಪರೀಕ್ಷೆ, ಆಮೇಲೆ ವಿರಳವಾಗಿ, ಆದರೆ ಆಜೀವಪರ್ಯಂತ. ಇದರ ಜೊತೆಗೆ ಟ್ಯಾಕ್ರೋಲಿಮಸ್ಸಿನಿಂದ ಕೈ ನಡುಗುತ್ತದೆ, ಸ್ಟೆರಾಯ್ಡ್ ಮಾತ್ರೆಯಿಂದ ಮುಖ ಉಬ್ಬುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಹಾಸಿಗೆಯಿಂದೆದ್ದ ಮಗನು ಸಿಡುಕುವುದನ್ನು ಕೃತಘ್ನತೆಯೆಂದು ತಿಳಿದು ಕಣ್ಣೀರಿಡುವ ತಾಯಂದಿರಿಗೆ, ಆ ಸಿಟ್ಟಿನಲ್ಲಿ ಔಷಧದ ಪಾಲೂ ಇದೆಯೆಂದು ಯಾರಾದರೂ ತಿಳಿಹೇಳುವುದು ಒಳ್ಳೆಯದು.

ಇದೆಲ್ಲವನ್ನೂ ಜತ್ತದಂಥ ಬರಗಾಲದ ಸೀಮೆಯ ಮನೆಯೊಂದರಲ್ಲಿ ನಡೆಸಬೇಕೆಂದರೆ ಏನಾದೀತು? ಡಯಾಲಿಸಿಸ್ಸಿನ ದಿನಗಳಲ್ಲಿ ರೋಗಿಗೆ ನೀರನ್ನು ಅಳೆದು ಕೊಡುತ್ತಾರೆ. ಕಸಿಯಾದ ಮೇಲೆ ದಿನಕ್ಕೆ ಎರಡು ಮೂರು ಲೀಟರು ಶುದ್ಧವಾದ ನೀರನ್ನು ಕುಡಿಯೆಂದು ಆಜ್ಞೆಯಾಗುತ್ತದೆ. ಬೇಸಗೆಯಲ್ಲಿ ಟ್ಯಾಂಕರಿನ ಹಾದಿ ನೋಡುವ ಹಳ್ಳಿಗಳಲ್ಲಿ ಈ ಆಜ್ಞೆಯ ಪಾಲನೆ ಎಂದರೆ ಒಬ್ಬನಿಗಾಗಿ ದಿನವೂ ಬೇರೆ ಕೊಡದಲ್ಲಿ ನೀರು ಕಾಯಿಸಿ ಆರಿಸಿಡುವುದು. ರೋಗಿಗೆ ಶಕ್ತಿ ಬರಲೆಂದು ನಮ್ಮವರು ಮೊದಲು ನೆನೆಯುವುದು ದಾಳಿಂಬೆಯನ್ನು. ಜತ್ತದ ಕಡೆ ಅದರ ತೋಟಗಳಿಗೆ ಬರವಿಲ್ಲ. ಆದರೆ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡೀತೆಂಬ ಶಂಕೆಯಿಂದ ಚಕೋತದ ಜೊತೆಗೆ ದಾಳಿಂಬೆಯನ್ನೂ ಬಿಡಿಸುವ ವೈದ್ಯರು ಅನೇಕರಿದ್ದಾರೆ. ಇನ್ನೊಂದು ಸೂಕ್ಷ್ಮ: ರಕ್ತದಲ್ಲಿ ಟ್ಯಾಕ್ರೋಲಿಮಸ್ ಎಷ್ಟು ಉಳಿದಿದೆಯೆಂದು ನೋಡುವ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗತಕ್ಕದ್ದು. ನಸುಕಿನಲ್ಲೆದ್ದು, ಮಗನು ಮರೆತಾನೆಂದು, ಅಕ್ಕರೆಯಿಂದ ಗುಳಿಗೆಯನ್ನು ಬಾಯಿಗಿಟ್ಟು ದವಾಖಾನೆಗೆ ಹೊರಡಿಸುವ ತಾಯಿ ಆ ದಿನದ ಪರೀಕ್ಷೆಯನ್ನೇ ವ್ಯರ್ಥ ಮಾಡುತ್ತಾಳೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಷ್ಟ ಜನರದು. ರೋಗಿಯನ್ನು ಮಾತನಾಡಿಸಿಕೊಂಡು ಹೋಗುವುದು ನಮ್ಮ ಕಡೆಯ ಸದಾಚಾರ, ಬಾರದವನು ವೈರಿಯೆನಿಸುತ್ತಾನೆ. ಊರಿಗೆ ಮರಳಿದ ದಿನವೇ ‘ಆರಾಮ ಅದಿಯೇನೋ ತಮ್ಮಾ?’ ಎನ್ನುತ್ತ ಕೆಮ್ಮುವ ಹಿರಿಯರೂ ಮೂಗು ಸೋರುವ ಮಕ್ಕಳೂ ಮನೆ ತುಂಬುತ್ತಾರೆ. ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತವರು, ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ, ಅಂದರೆ ಸಾವಿರಾರು ಜನರ ನಡುವೆ, ಮಗನನ್ನು ಕರೆದೊಯ್ಯಲೇಬೇಕೆಂದು ಹಠ ಹಿಡಿಯುತ್ತಾರೆ. ಇಲ್ಲಿ ತಂದೆತಾಯಿಗಳು ಮಾಡಬಹುದಾದ ಮಹೋಪಕಾರವೊಂದಿದೆ: ಹೊಸ್ತಿಲಲ್ಲಿ ನಿಂತು, ಬಂದವರನ್ನು ಪಡಸಾಲೆಯಲ್ಲಿಯೇ ಕೂರಿಸಿ, ಚಹಾ ಕೊಟ್ಟು ಕಳುಹಿಸಿ, ಅದರ ಅಪಕೀರ್ತಿಯನ್ನು ತಾವೇ ಹೊರುವುದು. ಮಗನೇ ‘ಬರಬೇಡಿರಿ’ ಎಂದರೆ ಗರ್ವವೆನಿಸುತ್ತದೆ. ಮುದುಕನಾದ ಅಪ್ಪ ಹೇಳಿದರೆ ಊರು ಎರಡು ದಿನ ಗೊಣಗಿ ಸುಮ್ಮನಾಗುತ್ತದೆ. ಹರಕೆಯನ್ನು ತಂದೆತಾಯಿಗಳೇ ನಡೆದುಹೋಗಿ ತೀರಿಸಿ ಬರಲಿ; ಅದಕ್ಕೆ ದೇವಿ ಮುನಿಯಲಾರಳು.

ಹೊಸ್ತಿಲಿನ ಹೊರಗೆ ಇಷ್ಟು ದೃಢವಾಗಿರಬೇಕಾದವರು ಹೊಸ್ತಿಲಿನ ಒಳಗೆ ಮೆತ್ತಗಾಗಬೇಕು. ನಡೆಯುವುದೋ ಬೇರೆ. ‘ಗುಳಗಿ ತೊಗೊಂಡಿಯೇನಪಾ?’ ಎಂಬ ಪ್ರಶ್ನೆ ಮೊದಲ ತಿಂಗಳಲ್ಲಿ ಅವಶ್ಯವಾದ ರಕ್ಷೆ. ಎರಡನೆಯ ವರ್ಷದಲ್ಲಿಯೂ ಅದೇ ಧ್ವನಿಯಲ್ಲಿ, ಹೆಂಡತಿಮಕ್ಕಳೆದುರಿಗೆ ಅದನ್ನು ಕೇಳಿದರೆ ಮೂವತ್ತರ ಗಂಡಸು ಮತ್ತೆ ಶಾಲೆಯ ಹುಡುಗನಾಗುತ್ತಾನೆ. ಕೇಳದಿದ್ದರೆ ಅವನು ಮರೆಯುತ್ತಾನೆ, ಮರೆತರೆ ಕಿಡ್ನಿ ಹೋಗುತ್ತದೆ, ಆಗ ನಿಮ್ಮ ತತ್ತ್ವವನ್ನು ಏನು ಮಾಡೋಣ ಎಂದು ತಂದೆಯೊಬ್ಬನು ಕೇಳಿದರೆ ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮರೆವಿನಿಂದ ಕಸಿ ಕೆಡುವುದು ಉಂಟು. ಆದರೆ ಕಸಿಯನ್ನು ಕಳೆದುಕೊಳ್ಳುವ ಅಪಾಯವು ಬಾಲ್ಯ ಮುಗಿದು ಯೌವನ ಮೊದಲಾಗುವ ವಯಸ್ಸಿನವರಲ್ಲಿ ವಿಶೇಷವಾಗಿ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ಅಲ್ಲಿಯವರೆಗೆ ಅಮ್ಮನ ಜ್ಞಾಪಕಶಕ್ತಿಯಿಂದ ಬದುಕಿದವನಿಗೆ ತನ್ನದೇ ಜ್ಞಾಪಕದ ಅಭ್ಯಾಸವಿರುವುದಿಲ್ಲ ಎಂಬುದು ಅದರ ಕಾರಣಗಳಲ್ಲೊಂದು. ಅತಿಯಾದ ಕಾವಲು ಮರೆವನ್ನು ತಡೆಯುವುದಿಲ್ಲ, ಮುಂದೂಡುತ್ತದೆ. ದ್ರಾಕ್ಷಿಯ ಕಸಿ ಕಟ್ಟುವ ಜತ್ತದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಾಡುಬೇರಿನ ಮೇಲೆ ಕೂರಿಸಿದ ಕಡ್ಡಿಗೆ ಅವನು ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದು ಸುತ್ತುತ್ತಾನೆ, ಚಿಗುರು ಬಂದು ಗಾಯ ಕೂಡಿದ ಮೇಲೆ ಅದನ್ನು ಬಿಚ್ಚುತ್ತಾನೆ, ಬಿಚ್ಚದಿದ್ದರೆ ಆ ಪಟ್ಟಿಯೇ ಕಾಂಡವನ್ನು ಹಿಚುಕುತ್ತದೆಂದು ಬಲ್ಲ.

ಗಡಿಯ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮಹಾರಾಷ್ಟ್ರ ಸರಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಕಾಗದಗಳು ಮರಾಠಿಯಲ್ಲಿ, ರಕ್ತದ ವರದಿ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಮೃತದಾನಿಯ ಅಂಗಕ್ಕೆ ಹೆಸರು ಬರೆಸುವಾಗ ರಾಜ್ಯದ ನಿವಾಸಿಯೆಂಬ ಪತ್ರ ಕೇಳುವ ಪದ್ಧತಿಯನ್ನು ಬಿಡಬೇಕೆಂದು ಕೇಂದ್ರ ಸರಕಾರವು 2023ರಲ್ಲಿ ಸೂಚಿಸಿತು. ಗಡಿಯವರಿಗೆ ಅದು ಹಿತವಾದ ಸುದ್ದಿ, ಆದರೆ ಅದನ್ನು ಓದಿ ಉಪಯೋಗಿಸಿಕೊಳ್ಳಬಲ್ಲವರು ಮನೆಯಲ್ಲಿ ಯಾರು? ಕನ್ನಡ ಶಾಲೆಯ ನಾಲ್ಕು ತರಗತಿ ಕಂಡ ತಂದೆಯಲ್ಲ, ಮೂರು ಭಾಷೆಗಳಲ್ಲಿ ವ್ಯವಹರಿಸಬಲ್ಲ ಮಗ. ತನ್ನ ಫೈಲನ್ನು ತಾನೇ ಓದಿ ಹೇಳಬೇಕಾದವನನ್ನು ಏನೂ ತಿಳಿಯದ ಕೂಸೆಂದು ನಡೆಸಿಕೊಳ್ಳುವುದು ಅನ್ಯಾಯ ಮಾತ್ರವಲ್ಲ, ಆ ಮನೆಯಲ್ಲಿ ಅಸಾಧ್ಯವೂ ಹೌದು.

ಇನ್ನು ಋಣದ ಮಾತು. ನಮ್ಮ ದೇಶದಲ್ಲಿ ಬದುಕಿದ್ದು ಅಂಗ ಕೊಡುವವರಲ್ಲಿ ಬಹುಪಾಲು ಸ್ತ್ರೀಯರು, ಪಡೆಯುವವರಲ್ಲಿ ಬಹುಪಾಲು ಪುರುಷರು. ಮಗಳಿಗೆ ಬೇಕಾದಾಗ ಮನೆಯವರ ಉತ್ಸಾಹವೇಕೆ ಕುಗ್ಗುತ್ತದೆ ಎಂಬ ಪ್ರಶ್ನೆಗೆ ನಾವು ಮರ್ಯಾದೆಯ ಉತ್ತರ ಕೊಡಲಾರೆವು. ಮಗನಿಗಾದರೆ ತಾಯಿ ಮುಂದೆ ಬರುತ್ತಾಳೆ; 1994ರ ಅಂಗಕಸಿ ಕಾಯಿದೆಯು ಅವಳನ್ನು ನಿಕಟಬಂಧುವೆಂದು ಒಪ್ಪುತ್ತದೆ. ಆಮೇಲೊಂದು ದಿನ, ಅವನು ರಾತ್ರಿ ತಡವಾಗಿ ಬಂದದ್ದಕ್ಕೋ, ಹೊಲ ಬಿಟ್ಟು ಪುಣೆಯ ನೌಕರಿಗೆ ಮರಳುವೆನೆಂದದ್ದಕ್ಕೋ, ‘ನನ್ನ ಕಿಡ್ನಿ ಕೊಟ್ಟೀನಿ, ನೀ ಹಿಂಗ ಮಾಡ್ತಿಯಲ್ಲೋ’ ಎಂಬ ವಾಕ್ಯ ಹೊರಬೀಳುತ್ತದೆ. ಇದು ಕ್ಷಮಾರ್ಹ, ಏಕೆಂದರೆ ಭಯದಿಂದ ಬಂದದ್ದು; ಆದರೂ ಆಡಬಾರದ ಮಾತು. ಹಾಲಿನ ಋಣವನ್ನು ಎಲ್ಲರೂ ಹೊತ್ತು ತಿರುಗುತ್ತೇವೆ, ಅದನ್ನು ಯಾರೂ ದಿನವೂ ಲೆಕ್ಕ ಕೇಳುವುದಿಲ್ಲ. ಈ ಋಣವನ್ನೂ ಹಾಗೆಯೇ ಬಿಡಬೇಕು. ರಿಚರ್ಡ್ ಹೆರಿಕ್ ತನ್ನನ್ನು ಉಪಚರಿಸಿದ ದಾದಿಯನ್ನು ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, ಎಂಟು ವರ್ಷ ಬಾಳಿದನು. ಅವನ ಕಸಿ ಸಾರ್ಥಕವಾಯಿತೆಂದು ನಾವು ಹೇಳುವುದು ಆ ಸಂಸಾರವನ್ನು ನೋಡಿ. ಮದುವೆ, ನೌಕರಿ, ಊರು ಬಿಡುವುದು, ತಪ್ಪು ಮಾಡುವುದು, ಇವೆಲ್ಲ ಸೇರಿದ್ದಕ್ಕೇ ಚೇತರಿಕೆಯೆಂದು ಹೆಸರು.

ಹಾಗಾದರೆ ಅವನ ಋಣಭಾವಕ್ಕೆ ದಾರಿಯೇ ಇಲ್ಲವೆ? ಇದೆ, ಮತ್ತು ಅದನ್ನು ನಮ್ಮ ಮನೆಗಳು ಹೆಚ್ಚಾಗಿ ಕಡೆಗಣಿಸುತ್ತವೆ. ಒಂದೇ ಮೂತ್ರಪಿಂಡದಲ್ಲಿ ಉಳಿದಿರುವ ದಾನಿಯೂ ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ಮೂತ್ರವನ್ನೂ ಕ್ರಿಯಾಟಿನಿನ್ನನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು. ಮಗನ ತಾರೀಖುಗಳನ್ನೆಲ್ಲ ಕಂಠಸ್ಥ ಮಾಡಿಕೊಂಡ ತಾಯಿಗೆ ತನ್ನದೊಂದು ತಾರೀಖು ಇದೆಯೆಂಬುದೇ ನೆನಪಿರುವುದಿಲ್ಲ. ಆ ತಾರೀಖನ್ನು ಬರೆದಿಟ್ಟು, ಆ ದಿನ ಅವಳನ್ನು ಜತ್ತಕ್ಕೋ ಮಿರಜಿಗೋ ಕರೆದುಕೊಂಡು ಹೋಗುವ ಕೆಲಸ ಮಗನದು; ಅದನ್ನು ಅವನಿಗೆ ಬಿಟ್ಟುಕೊಡಿರಿ.