ಪಹಣಿ ನೋಡ್ತೀರಿ, ನಿಮ್ಮ ಹೆಸರಿನ ಸಾಲ ನೋಡೀರೇನು?

ಹೋದ ವರ್ಷ ಸಪ್ಟೆಂಬರ್ ಮೊದಲ ವಾರ. ಟಿಕೋಟಾ ಕಡೆ ನಮ್ಮ ಕಾಕಾನ ಮಗನದು ಮೂರು ಎಕರೆ ದ್ರಾಕ್ಷಿ. ಅಕ್ಟೋಬರ್ ಚಾಟ್ನಿಗೆ ಮೊದಲು ಕೈಯಲ್ಲಿ ರೊಕ್ಕ ಇರಬೇಕು ಅಂತ ಒಂದೂವರೆ ಲಕ್ಷದ ಸಾಲ ಕೇಳಲಿಕ್ಕೆ ಬ್ಯಾಂಕಿಗೆ ಹೊರಟಿದ್ದ. ಫಾರಂ ತುಂಬಲಿಕ್ಕೆ ಬೇಕು ಅಂತ ತೊರವಿಗೆ ಬಂದು ನನ್ನನ್ನೂ ಗಾಡಿ ಮೇಲೆ ಹತ್ತಿಸಿಕೊಂಡ. ಮ್ಯಾನೇಜರ್ ಆಧಾರ್, ಪ್ಯಾನ್ ನಂಬರ್ ಹೊಡೆದು ಕಂಪ್ಯೂಟರ್ ನೋಡಿದರು, ಆಮೇಲೆ ಇವನ ಮುಖ ನೋಡಿದರು.

"ನಿಮ್ಮ ಹೆಸರಿನ ಮ್ಯಾಲ ಒಂದು ಮೊಬೈಲ್ ಸಾಲ ಬಾಕಿ ಐತಲ್ರಿ. ಹದಿನಾಲ್ಕು ತಿಂಗಳಿಂದ ಕಂತು ಕಟ್ಟಿಲ್ಲ."

"ಯಾ ಮೊಬೈಲ್ ರೀ ಸಾಹೇಬ್ರ? ನನ್ನ ಕಡೆ ಇರೂದು ಇದೊಂದ. ಇದನ್ನೂ ರೊಕ್ಕಾ ಎಣಿಸಿ ಕೊಟ್ಟು ತಗೊಂಡೀನಿ."

ರಿಪೋರ್ಟ್ ತೆಗೆಸಿ ನೋಡಿದೆವು. ಹೆಸರು ಇವನದೇ, ಪ್ಯಾನ್ ಇವನದೇ, ಹುಟ್ಟಿದ ತಾರೀಖೂ ಇವನದೇ. ಫೋನ್ ನಂಬರ್ ಮಾತ್ರ ಯಾರದೋ, ವಿಳಾಸ ಪುಣೆಯದು. ಇವನು ಪುಣೆ ನೋಡಿದ್ದೇ ಇಲ್ಲ. ಸಾಲ 23 ಸಾವಿರ, ಬಡ್ಡಿ ದಂಡ ಸೇರಿ ಇನ್ನಷ್ಟು ಬೆಳೆದಿತ್ತು.

ಮನೆಗೆ ಬಂದ ಮೇಲೆ ಎಲ್ಲರದೂ ಒಂದೇ ಮಾತು: "ಕಟ್ಟಿ ಕೈ ತೊಳಕೋಪಾ. ಚಾಟ್ನಿ ಹೊತ್ತಿನಾಗ ಪೊಲೀಸ್ರು, ಕೋರ್ಟು ಅಂತ ಯಾಕ ಓಡಾಡ್ತಿ?" ಒಬ್ಬ ಏಜೆಂಟ್ ಅಂತೂ ತಾನೇ ಮಾತಾಡಿ ಅರ್ಧಕ್ಕೆ 'ಸೆಟಲ್' ಮಾಡಿಸಿಕೊಡ್ತೀನಿ ಅಂದ.

ನಾನು ಈ ಲೇಖನ ಬರೆಯುತ್ತಿರುವುದು ಆ ಸಲಹೆಯ ವಿರುದ್ಧ. ನೀವು ಮಾಡದ ಸಾಲಕ್ಕೆ ಒಂದು ಪೈಸೆಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನನ್ನದೇ ಅಂತ ನೀವೇ ಬರೆದುಕೊಟ್ಟ ಹಾಗೆ. 'ಸೆಟಲ್ಡ್' ಅನ್ನುವ ಶಬ್ದವೂ ರಿಪೋರ್ಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮುಂದಿನ ಮ್ಯಾನೇಜರ್ ಅದನ್ನು ನೋಡಿದ ಕೂಡಲೇ ಮುಖ ಗಂಟು ಹಾಕುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ನಿಮ್ಮ ಕಾಗದ ಹಿಡಿದುಕೊಂಡವನು ಇನ್ನೂ ಹೊರಗೇ ಇದ್ದಾನೆ. ಒಂದು ಸಾಲ ನೀವು ತೀರಿಸಿದಿರಿ ಅಂದರೆ ಎರಡನೇದು ಮಾಡುವುದಕ್ಕೆ ಅವನಿಗೇನು ಅಡ್ಡಿ?

ನಾವು ರೈತರು ಒಂದು ವಿಷಯದಲ್ಲಿ ಭಾರಿ ಹುಷಾರು. ಪಹಣಿ ತೆಗೆಸಿದ ಕೂಡಲೇ ಕಣ್ಣು ಹೋಗುವುದು 9ನೇ ಕಾಲಂಗೆ, ಆಮೇಲೆ 11ನೇ ಕಾಲಂಗೆ. ಹೆಸರು ಸರಿ ಇದೆಯಾ, ಯಾವ ಬ್ಯಾಂಕಿನ ಬೋಜಾ ಕೂತಿದೆ, ತೀರಿಸಿದ ಸಾಲ ಇನ್ನೂ ಯಾಕೆ ಕಾಣುತ್ತಿದೆ, ಎಲ್ಲ ನೋಡುತ್ತೇವೆ. ಒಂದು ಅಕ್ಷರ ತಪ್ಪಿದ್ದರೂ ತಹಶೀಲ್ದಾರ್ ಕಚೇರಿಗೆ ಹತ್ತು ಸಲ ಅಲೆಯುತ್ತೇವೆ. ಆದರೆ ನಮ್ಮ ಹೆಸರಿಗೇ ಒಂದು ಪಹಣಿ ಇದೆ, ಅದರಲ್ಲೂ 11ನೇ ಕಾಲಂ ಇದೆ ಅನ್ನುವುದು ಗೊತ್ತೇ ಇಲ್ಲ. ಅದೇ ಕ್ರೆಡಿಟ್ ರಿಪೋರ್ಟ್. ಎಲ್ಲರೂ ಸಿಬಿಲ್ ಅಂತೀವಿ, ಆದರೆ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ಆದೇಶ. ನಾಲ್ಕು ಕಂಪನಿ ಅಂದರೆ ಮೂರು ತಿಂಗಳಿಗೆ ಒಂದರಂತೆ ವರ್ಷವಿಡೀ ದುಡ್ಡಿಲ್ಲದೇ ನೋಡಬಹುದು. ಅವರದೇ ವೆಬ್‌ಸೈಟಿನಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಬಂದ 'ಫ್ರೀ ಸಿಬಿಲ್' ಲಿಂಕ್ ಒತ್ತಬೇಡಿ, ಅದೇ ಹೊಸ ಕಳ್ಳತನದ ಬಾಗಿಲು.

ರಿಪೋರ್ಟ್ ಬಂದ ಮೇಲೆ ಎಲ್ಲರೂ ಸ್ಕೋರ್ ನೋಡಿ ಮುಚ್ಚಿಬಿಡುತ್ತಾರೆ. ಕೆಳಗೆ ಇಳಿಯಿರಿ. ಕೊನೆಗೆ 'ಎನ್‌ಕ್ವೈರಿ' ಅಂತ ಒಂದು ಭಾಗ ಇರುತ್ತದೆ. ಯಾವ ಬ್ಯಾಂಕು, ಯಾವ ಫೈನಾನ್ಸು, ಯಾವ ದಿನ ನಿಮ್ಮ ಹೆಸರನ್ನು ಹುಡುಕಿ ನೋಡಿದೆ ಅನ್ನುವ ಪಟ್ಟಿ ಅದು. ನೀವು ಅರ್ಜಿ ಹಾಕದ ಕಂಪನಿಯ ಹೆಸರು ಅಲ್ಲಿದ್ದರೆ ಯಾರೋ ನಿಮ್ಮ ಹೆಸರಿನಲ್ಲಿ ಸಾಲಕ್ಕೆ ಪ್ರಯತ್ನ ಮಾಡುತ್ತಿದ್ದಾರೆ ಅಂತ ಅನುಮಾನ ಪಡಬೇಕು. ಬೆಳೆಯಲ್ಲಿ ಎಲೆ ಹಿಂದಿನ ಮೊದಲ ಚುಕ್ಕೆ ಇದ್ದ ಹಾಗೆ ಇದು. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕು ಅಂತಲೂ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಆದರೆ ರಿಪೋರ್ಟಿನಲ್ಲಿ ಇರುವುದೇ ಕಳ್ಳನ ನಂಬರ್ ಆದರೆ ಆ ಮೆಸೇಜು ಯಾರಿಗೆ ಹೋಗುತ್ತದೆ? ನಮ್ಮ ತಮ್ಮನ ವಿಷಯದಲ್ಲಿ ಆದದ್ದೂ ಬಹುಶಃ ಇದೇ.

ಇವನ ಕಾಗದ ಎಲ್ಲಿಂದ ಹೋಯಿತು ಅನ್ನುವುದು ಇವತ್ತಿಗೂ ಪತ್ತೆಯಾಗಿಲ್ಲ. ಪತ್ತೆಯಾಗುವುದಾದರೂ ಹೇಗೆ? ಸಿಮ್ ಕಾರ್ಡಿಗೆ ಒಂದು ಜೆರಾಕ್ಸ್, ಡ್ರಿಪ್ ಸಬ್ಸಿಡಿಗೆ ಒಂದು, ಬೆಳೆವಿಮೆಗೆ ಒಂದು, ಎಫ್‌ಐಡಿ ಮಾಡಿಸುವಾಗ ಒಂದು. ಜಾತ್ರೆಯಲ್ಲಿ ಪ್ರಸಾದ ಹಂಚಿದ ಹಾಗೆ ಆಧಾರ್ ಹಂಚಿದ್ದೇವೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಪಿಡಿಎಫ್ ಹಾಗೇ ಬಿಟ್ಟು ಬರುತ್ತೇವೆ. ಈಗ ನಾನು ಯಾರಿಗೇ ಕೊಡಲಿ, ಕಾಗದದ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಪೆನ್ನಿನಲ್ಲಿ ಬರೆದು ಸಹಿ ಮಾಡುತ್ತೇನೆ. ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವ ಕಡೆ ಅದನ್ನೇ ಕೊಡುತ್ತೇನೆ.

ಇನ್ನು ಬೆರಳು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆದದ್ದು ನೆನಪಿರಬಹುದು. ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಓಟಿಪಿ ಇಲ್ಲದೇ, ಫೋನ್ ಬಾರದೇ ದುಡ್ಡು ಹೋಗತೊಡಗಿತು. ನೋಂದಣಿ ದಾಖಲೆಯ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ನಂಬರೂ ಇರುತ್ತದೆ. ಅದರಿಂದ ನಕಲಿ ಬೆರಳಚ್ಚು ಮಾಡಿ, ಆಧಾರ್ ಮೇಲೆ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಿಂದ ತೆಗೆದಿದ್ದರು. ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತದ ರೈತನ ಮನೆ ಯಾವುದಿದೆ ಹೇಳಿ. ಪಾಸ್‌ವರ್ಡ್ ಕದ್ದರೆ ಬದಲು ಮಾಡಬಹುದು, ಬೆರಳು ಬದಲು ಮಾಡಲಿಕ್ಕೆ ಆಗುತ್ತದೆಯೇ? ಅದಕ್ಕೇ ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಬೆರಳು ಒತ್ತುವ ಕೆಲಸ ಬಿದ್ದಾಗ ತುಸು ಹೊತ್ತು ತೆರೆಯಿರಿ, ಸಾಕು. ಅಪ್ಪ ಅವ್ವಂದನ್ನೂ ನೀವೇ ಹಾಕಿಕೊಡಿ, ಅವರ ಖಾತೆಗೇ ಪಿಂಚಣಿ ಬರುವುದು. ಹಾಗೂ ದುಡ್ಡು ಹೋಯಿತು ಅಂದರೆ ತಡಮಾಡದೇ 1930ಕ್ಕೆ ಫೋನ್ ಹಚ್ಚಿ, ಬ್ಯಾಂಕಿಗೂ ಹೇಳಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೇ ಮೂರನೆಯವನು ತೆಗೆದದ್ದಾದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವನ ಮೇಲೆ ನಷ್ಟ ಹೊರಿಸುವಂತಿಲ್ಲ ಅನ್ನುವ ನಿಯಮ 2017ರಿಂದ ಇದೆ. ನೀವೇ ಓಟಿಪಿ ಹೇಳಿದ್ದರೆ ಮಾತ್ರ, ದೂರು ಕೊಡುವ ತನಕದ ನಷ್ಟ ನಿಮ್ಮದೇ.

ತಮ್ಮನ ಕಥೆಗೆ ಬರ್ತೀನಿ. ಮೊದಲು ಪೊಲೀಸ್ ಕೆಲಸ. ಇನ್ನೊಬ್ಬರ ಗುರುತಿನ ಸಂಖ್ಯೆ, ಪಾಸ್‌ವರ್ಡ್, ಡಿಜಿಟಲ್ ಸಹಿ ಇವನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 66ಸಿ ಪ್ರಕಾರ ಅಪರಾಧ. ಕಂಪ್ಯೂಟರ್, ಫೋನ್ ಮೂಲಕ ಬೇರೆಯವರ ವೇಷ ಹಾಕಿ ವಂಚಿಸಿದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಊರ ಠಾಣೆಯಲ್ಲಿ ಪಿಎಸ್‌ಐ "ಸಿಇಎನ್‌ಗೆ ಹೋಗ್ರಿ" ಅಂದರೆ ಸಿಟ್ಟಾಗಬೇಡಿ. ಈ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನವರೇ ಮಾಡಬೇಕು ಅಂತ ಸೆಕ್ಷನ್ 78 ಹೇಳುತ್ತದೆ. ಆದರೆ "ಪುಣೆ ವಿಳಾಸ ಐತಿ, ಪುಣೆಗೆ ಹೋಗಿ ಕೊಡ್ರಿ" ಅಂದರೆ ಒಪ್ಪಬೇಡಿ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಂತೆ ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಎಫ್‌ಐಆರ್ ಕೈಗೆ ಬಂತು. ಅದರಿಂದ ಸಾಲ ರಿಪೋರ್ಟಿನಿಂದ ಹೋಯಿತಾ? ಇಲ್ಲ. ನಮ್ಮ ಹುಡುಗರು ಇಲ್ಲೇ ಎಡವುತ್ತಾರೆ. ಕಳ್ಳನನ್ನು ಹಿಡಿಯುವ ಕಾನೂನು ಬೇರೆ, ನಿಮ್ಮ ಹೆಸರು ತೊಳೆಯುವ ಕಾನೂನು ಬೇರೆ. ಎರಡನೇದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ. ಅದರ ಪ್ರಕಾರ ಸಿಬಿಲ್‌ನಂಥ ಕಂಪನಿಗೂ, ಸಾಲ ಕೊಟ್ಟ ಫೈನಾನ್ಸಿಗೂ ಬೇರೆ ಬೇರೆ ದೂರು ಹಾಕಿ, ಎಫ್‌ಐಆರ್ ಪ್ರತಿ ಲಗತ್ತಿಸಿದೆವು. ಫೈನಾನ್ಸಿನವರಿಗೆ ಒಂದೇ ಪ್ರಶ್ನೆ ಕೇಳಿದೆವು: ಸಾಲದ ಅರ್ಜಿ, ಆಗ ತೆಗೆದ ಫೋಟೊ, ಸಹಿ ತೋರಿಸಿ. ಮೂರು ವಾರ ಉತ್ತರ ಇಲ್ಲ. ನಡುವೆ ವಸೂಲಿಯವರ ಫೋನ್ ಮಾತ್ರ ತಪ್ಪದೇ ಬರುತ್ತಿತ್ತು. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ವಸೂಲಿ ಫೋನ್ ಮಾಡುವಂತಿಲ್ಲ ಅಂತ 2022ರ ಆದೇಶ ಇದೆ ಅಂದಾಗ ಆ ಕಡೆಯ ಹುಡುಗ ಒಂದು ಕ್ಷಣ ಸುಮ್ಮನಾದ.

ನಿಯಮ ಹೇಳುವುದು ಹೀಗೆ: ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ ಸಾಲ ಕೊಟ್ಟವರು ಸರಿಪಡಿಸಿ ಕಳಿಸಲಿಕ್ಕೆ 21 ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮ ದೂರು ಇತ್ಯರ್ಥ ಆದದ್ದು 41ನೇ ದಿನ. ಸಾಲ ಅಳಿಸಿದರು. 11 ದಿನಕ್ಕೆ 1,100 ರೂಪಾಯಿ ಬರಬೇಕಿತ್ತು. ತಾನಾಗಿ ಬರಲಿಲ್ಲ, ಕೇಳಿ, ಮತ್ತೆ ಕೇಳಿ ತಗೊಂಡೆವು. ಅದೂ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದೂರಿಗೆ ಶುಲ್ಕ ಇಲ್ಲ.

ಈಗ ಖರ್ಚಿನ ಲೆಕ್ಕ ಕೇಳಿ. ಚಾಟ್ನಿ 41 ದಿನ ಕಾಯುವುದಿಲ್ಲ. ತಮ್ಮ ಒಬ್ಬ ವ್ಯಾಪಾರಿಯ ಕಡೆ ತಿಂಗಳಿಗೆ ಶೇಕಡಾ 2ರ ಬಡ್ಡಿಗೆ ಒಂದೂವರೆ ಲಕ್ಷ ಕೈಗಡ ತಂದ. ಎರಡು ತಿಂಗಳಿಗೆ ಬಡ್ಡಿ 6,000. ಬಂದ ಪರಿಹಾರ 1,100. ಯಾರದೋ ಅಂಗಡಿಯಲ್ಲಿ ಫೋಟೊ ಸರಿಯಾಗಿ ನೋಡದೇ ಸಾಲ ಕೊಟ್ಟವರು ಅವರು, ಸುಮಾರು ಐದು ಸಾವಿರ ಕಳಕೊಂಡವನು ಇವನು. ಇದು ನನಗೆ ಒಪ್ಪಿಗೆ ಇಲ್ಲ. ಅಮೆರಿಕದಲ್ಲಿ ಗುರುತು ಕಳವಾಗಿದೆ ಅಂತ ದಾಖಲೆ ಸಮೇತ ದೂರು ಕೊಟ್ಟರೆ ಕ್ರೆಡಿಟ್ ಕಂಪನಿ ನಾಲ್ಕು ಕೆಲಸದ ದಿನದಲ್ಲಿ ಆ ಸಾಲವನ್ನು ರಿಪೋರ್ಟಿನಲ್ಲಿ ಕಾಣದಂತೆ ತಡೆಯಬೇಕು. ತನಿಖೆ ಆಮೇಲೆ. 2018ರಿಂದ ಅಲ್ಲಿ ಯಾರು ಬೇಕಾದರೂ ತಮ್ಮ ರಿಪೋರ್ಟಿಗೆ ಪುಕ್ಕಟೆ ಬೀಗ ಹಾಕಬಹುದು. ಬೀಗ ತೆಗೆಯುವ ತನಕ ಹೊಸ ಸಾಲಕ್ಕೆ ಯಾರೂ ರಿಪೋರ್ಟ್ ನೋಡುವಂತಿಲ್ಲ. ಬೆರಳಿಗೆ ಲಾಕ್ ಕೊಟ್ಟ ನಮ್ಮ ದೇಶ ಹೆಸರಿಗೂ ಅದನ್ನು ಕಾನೂನಿನ ಹಕ್ಕಾಗಿ ಕೊಡಬೇಕು. ರೈತ ಸಂಘದ ಮನವಿಗಳಲ್ಲಿ ಸಾಲ ಮನ್ನಾದ ಜೊತೆ ಇದೂ ಒಂದು ಸಾಲು ಸೇರಬೇಕು ಅಂತ ನನ್ನ ಅಭಿಪ್ರಾಯ.

ಬೆಳೆಸಾಲಕ್ಕೆ ಸಿಬಿಲ್ಲೇ ಬೇಡ ಅನ್ನುವವರೂ ಇದ್ದಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2025ರಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಬ್ಯಾಂಕುಗಳಿಗೆ ಹಾಗೇ ಹೇಳಿದ್ದರು. ಒಳ್ಳೆಯದೇ. ಆದರೆ ಒಣದ್ರಾಕ್ಷಿ ಶೆಡ್ಡು, ಟ್ರ್ಯಾಕ್ಟರ್, ತಂಗಿಯ ಓದಿನ ಸಾಲ ಇವಕ್ಕೆಲ್ಲ ನೋಡುವುದು ಅದನ್ನೇ. ಸಾವಯವಕ್ಕೆ ಇಳಿದ ಮೊದಲ ಮೂರು ವರ್ಷ ಇಳುವರಿ ಕಡಿಮೆ ಇದ್ದಾಗ ನನ್ನನ್ನು ನಡೆಸಿದ್ದೂ ಬ್ಯಾಂಕ್ ಸಾಲವೇ.

ಇನ್ನೊಂದು ಚಿಕ್ಕ ಕೆಲಸ, ಇವತ್ತೇ ಮಾಡಬಹುದು. ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ತಮ್ಮನ ಹೆಸರಿನಲ್ಲಿ ಮೂರು ಇದ್ದವು, ಅವನು ಬಳಸುತ್ತಿದ್ದುದು ಎರಡು. ಮೂರನೇದಕ್ಕೆ 'ನನ್ನದಲ್ಲ' ಅಂತ ಒತ್ತಿದೆವು.

ಈ ವರ್ಷ ಅವನು ಸಪ್ಟೆಂಬರ್ ತನಕ ಕಾಯಲಿಲ್ಲ, ಜೂನ್‌ನಲ್ಲೇ ಇನ್ನೊಂದು ಕಂಪನಿಯ ರಿಪೋರ್ಟ್ ತೆಗೆದ. ಸಾಲ ಇಲ್ಲ, ಆದರೆ ವಿಳಾಸದ ಪಟ್ಟಿಯಲ್ಲಿ ಪುಣೆ ಹಾಗೇ ಕೂತಿದೆ. ಅದಕ್ಕೂ ದೂರು ಹಾಕಿದ್ದೇವೆ. ಇವತ್ತಿಗೆ ಒಂಬತ್ತನೇ ದಿನ.