ನಾಮವಿಲ್ಲದ ರೂಪ

ಈ ಮಾಸಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ತರುಣ ಸದಸ್ಯರೊಬ್ಬರು ಪ್ರವಾಸದ ಛಾಯಾಚಿತ್ರಗಳ ವಿಷಯವಾಗಿ ಬರೆದ ಲೇಖನವನ್ನು ನಾನು ಎರಡಾವರ್ತಿ ಓದಿದೆನು. ಲೇಖಕರು ತಮ್ಮ ಹಿರಿಯರ ಮೂಲಸ್ಥಾನಗಳನ್ನು ಹುಡುಕಿಕೊಂಡು ಊರೂರು ತಿರುಗಿದವರು. ಘಟ್ಟದ ಕಾಡುಗಳಲ್ಲಿ ಮೃಗಪಕ್ಷಿಗಳಿಗಾಗಿ ಕಾದು ಕುಳಿತವರು. ದೂರದೇಶಗಳ ಜನರ ನಡೆನುಡಿಗಳನ್ನು ಕಂಡುಬಂದವರು. ಅವರ ಉತ್ಸಾಹವನ್ನು ನೋಡಿ ನನಗೆ ಸಂತೋಷವೇ ಆಯಿತು. ಆದರೆ ಲೇಖನದ ಕೊನೆಯಲ್ಲಿ ಅವರು ಒಂದು ಸಿದ್ಧಾಂತವನ್ನು ಸ್ಥಾಪಿಸಲು ಹೊರಟಿರುವರು. ಒಳ್ಳೆಯ ಚಿತ್ರವು ತಾನಾಗಿಯೇ ಮಾತನಾಡುವುದು, ಅದಕ್ಕೆ ಅಕ್ಷರದ ಹಂಗು ಬೇಡ. ಕೇಳಿ ತೆಗೆದ ಚಿತ್ರದಲ್ಲಿ ಸಹಜತೆಯು ಕೆಡುವುದು, ಆದುದರಿಂದ ಕೇಳದೆ ತೆಗೆಯುವುದೇ ಮೇಲು ಎಂಬುದು ಅದರ ಸಾರ. ಈ ಸಿದ್ಧಾಂತವು ಸರ್ವಥಾ ತಪ್ಪೆಂದು ನಾನು ಹೇಳಬೇಕಾಗಿದೆ. ವಯಸ್ಸಾದವನ ಗೊಣಗಾಟವೆಂದು ತಳ್ಳಿಹಾಕದೆ, ವಾಚಕರು ನನ್ನ ಕಾರಣಗಳನ್ನು ಪರಾಮರ್ಶಿಸಬೇಕೆಂದು ಪ್ರಾರ್ಥನೆ.

ಮೊದಲು ನನ್ನ ಸ್ವಂತ ಅಪರಾಧವನ್ನೇ ಒಪ್ಪಿಕೊಂಡುಬಿಡುವೆನು. ಕಳೆದ ಮಳೆಗಾಲದ ಒಂದು ಸಾಯಂಕಾಲ, ಮುಂಬಯಿಯಲ್ಲಿ ಕೆಲಸದಲ್ಲಿರುವ ಇಪ್ಪತ್ತೆರಡು ವರ್ಷದ ತರುಣನೊಬ್ಬನು ನಮ್ಮ ಮನೆಗೆ ಬಂದನು. ಅವನ ತಂದೆ ನನ್ನ ಶಿಷ್ಯ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ಮಗುಚಿ ಆತನು ತೀರಿಕೊಂಡಾಗ ಈ ಹುಡುಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ತಾಯಿಯೂ ಈಗಿಲ್ಲ. ಮನೆಯಲ್ಲಿದ್ದ ಮದುವೆಯ ಚಿತ್ರಗಳು ಸೋರುವ ಮಾಡಿನ ಕೆಳಗೆ ನೆನೆದು, ಒಂದಕ್ಕೊಂದು ಅಂಟಿಕೊಂಡು ನಷ್ಟವಾದುವು. ತಂದೆಯ ಮುಖವನ್ನೊಮ್ಮೆ ಕಾಣಬೇಕೆಂಬ ಆಸೆಯಿಂದ ಅವನು ರಜೆ ಪಡೆದು ಊರಿಗೆ ಬಂದಿದ್ದನು. ನನ್ನಲ್ಲಿ ಮೂವತ್ತೈದು ವರ್ಷಗಳ ಹಿಂದಣ ಏಳನೆಯ ತರಗತಿಯ ಗುಂಪುಚಿತ್ರವೊಂದು ಇದ್ದಿತು. ನಾಲ್ವತ್ತೊಂದು ಮಕ್ಕಳು, ನಡುವೆ ಕುರ್ಚಿಯ ಮೇಲೆ ನಾನು. “ಮಾಷ್ಟ್ರೇ, ಇದ್ರಗೆ ನಮ್ಮ ಅಪ್ಪಯ್ಯ ಯಾರ್?” ಎಂದು ಅವನು ಕೇಳಿದನು.

ನಾನು ಕನ್ನಡಕವನ್ನು ಒರಸಿಕೊಂಡು ನೋಡಿದೆನು. ಮೂರನೆಯ ಸಾಲಿನವನೋ, ನಾಲ್ಕನೆಯ ಸಾಲಿನ ತುದಿಯಲ್ಲಿರುವವನೋ, ನನಗೆ ತಿಳಿಯಲಿಲ್ಲ. ಆ ಶಿಷ್ಯನ ದುಂಡನೆಯ ಅಕ್ಷರ ನೆನಪಿದೆ. ಲೆಕ್ಕ ತಪ್ಪಿದಾಗ ತಲೆ ಕೆರೆದುಕೊಳ್ಳುತ್ತಿದ್ದುದು ನೆನಪಿದೆ. ನಾಲ್ವತ್ತೊಂದು ಮುಖಗಳಲ್ಲಿ ಅವನ ಮುಖ ಯಾವುದೆಂಬುದು ಮಾತ್ರ ಮರೆತುಹೋಗಿದೆ. ಚಿತ್ರವನ್ನು ತಿರುಗಿಸಿ ಹಿಂಬದಿಯನ್ನು ನೋಡಿದೆನು. ಅಲ್ಲಿ ಒಂದಕ್ಷರವೂ ಇರಲಿಲ್ಲ. ಆ ದಿನ ಹತ್ತು ನಿಮಿಷ ಕುಳಿತು ಹೆಸರುಗಳನ್ನು ಬರೆದಿಡುವ ಶ್ರಮವನ್ನು ನಾನು ತೆಗೆದುಕೊಂಡಿರಲಿಲ್ಲ. ಹಾಜರಿಪುಸ್ತಕವು ಆಗ ನನ್ನ ಕೈಯಲ್ಲಿಯೇ ಇತ್ತು.

ಆ ತರುಣನ ಬಳಿಯಲ್ಲಿ ಇನ್ನೊಂದು ಕಾಗದವಿದ್ದಿತು. ಹಳೆಯ ಕ್ಯಾಲೆಂಡರಿನಿಂದ ಹರಿದ ಹಾಳೆ. ಯಾರೋ ಪ್ರವಾಸಿಗರು ತೆಗೆದ ಚಿತ್ರ. ಅಳಿವೆಯ ಮೇಲೆ ಸೂರ್ಯಾಸ್ತ, ಅದರೆದುರು ಬೀಸುಬಲೆಯನ್ನು ಎತ್ತಿಹಿಡಿದು ನಿಂತ ಒಬ್ಬ ಮನುಷ್ಯ, ಮುಖವೆಲ್ಲ ನೆರಳು. ಇವನೇ ನಿನ್ನ ತಂದೆಯೆಂದು ಕೇರಿಯ ಕೆಲವರು, ಅಲ್ಲವೆಂದು ಮತ್ತೆ ಕೆಲವರು. ಚಿತ್ರದ ಕೆಳಗೆ ‘ಕರಾವಳಿಯ ಸಂಜೆ’ ಎಂದು ಮಾತ್ರ ಅಚ್ಚಾಗಿದೆ. ಹುಡುಗನು ಎರಡು ಚಿತ್ರಗಳನ್ನೂ ಬಹಳ ಹೊತ್ತು ನೋಡಿ, ಒಂದು ಮಾತನ್ನೂ ಆಡದೆ ಹೊರಟುಹೋದನು. ನನ್ನ ಮಿತ್ರರನ್ನು ನಾನು ಕೇಳುವುದಿಷ್ಟೆ: ಚಿತ್ರವು ತಾನಾಗಿಯೇ ಮಾತನಾಡುವುದಾದರೆ ಇವೆರಡೂ ಆ ಸಾಯಂಕಾಲ ಏಕೆ ಮೂಕವಾಗಿದ್ದುವು?

ನಮ್ಮ ಶಾಸ್ತ್ರಕಾರರು ನಾಮರೂಪಗಳೆಂದು ಎರಡನ್ನೂ ಜೊತೆಯಾಗಿಯೇ ಹೇಳಿದರು. ರೂಪವೊಂದೇ ಗುರುತಿಗೆ ಸಾಲದೆಂಬುದನ್ನು ಕಾಳಿದಾಸನ ಶಾಕುಂತಲದಲ್ಲಿಯೂ ಕಾಣಬಹುದು. ಸಾಕ್ಷಾತ್ ಶಕುಂತಲೆಯೇ ಸಭೆಯಲ್ಲಿ ಎದುರಿಗೆ ನಿಂತಾಗ, ಆ ರೂಪವನ್ನು ಕಣ್ಣಾರೆ ಕಂಡೂ ಶಾಪಗ್ರಸ್ತನಾದ ರಾಜನಿಗೆ ನೆನಪು ಬರಲಿಲ್ಲ. ಹೆಸರನ್ನು ಕೊರೆದ ಉಂಗುರವನ್ನು ಕಂಡ ಮೇಲೆಯೇ ಬಂದಿತು. ಆರನೆಯ ಅಂಕದಲ್ಲಿ ರಾಜನು ತಾನು ಬರೆದ ಚಿತ್ರವನ್ನು ತರಿಸಿದಾಗ, ಅದರಲ್ಲಿ ಮೂವರು ಸ್ತ್ರೀಯರನ್ನು ಕಂಡ ವಿದೂಷಕನು ಇವರಲ್ಲಿ ಶಕುಂತಲೆ ಯಾರೆಂದು ಕೇಳುವನು. ಗಂಗೊಳ್ಳಿಯ ಹುಡುಗನು ನನ್ನನ್ನು ಕೇಳಿದುದೂ ಅದೇ ಪ್ರಶ್ನೆಯನ್ನಲ್ಲವೆ? ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಉಂಗುರವು ದೊರೆತುದು ಒಬ್ಬ ಮೀನುಗಾರನಿಗೆ. ಅವನನ್ನು ಕಳ್ಳನೆಂದು ಹಿಡಿದು ಹೊಡೆದ ಭಟರಿಬ್ಬರಿಗೆ ಸೂಚಕ, ಜಾನುಕ ಎಂದು ಕವಿಯು ಹೆಸರಿಟ್ಟಿರುವನು. ಮೀನುಗಾರನಿಗೆ ಇಡಲಿಲ್ಲ, ಅವನು ಕೇವಲ ‘ಧೀವರ’. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ನಮಗಾರಿಗೂ ಇದು ಕಾಣಲಿಲ್ಲ. ಮೀನುಗಾರರ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಕಂಡಿತು. ಕವಿಕುಲಗುರುವಿನಿಂದ ಬಿಟ್ಟುಹೋದುದನ್ನು ನಾವು ಕ್ಯಾಮರಾ ಹಿಡಿದುಕೊಂಡು ಮುಂದುವರಿಸಬೇಕೆ?

ಕೇಳಿದರೆ ಸಹಜತೆಯು ಕೆಡುವುದೆಂಬ ಎರಡನೆಯ ಮಾತಿಗೆ ಬರೋಣ. ಛಾಯಾಚಿತ್ರದ ವಿದ್ಯೆಯು ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಅದಕ್ಕಿಂತ ಇನ್ನೂರು ವರ್ಷಗಳಿಗೂ ಹಿಂದೆ, ೧೬೨೩ರಲ್ಲಿ, ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಯಾತ್ರಿಕನು ಪೋರ್ತುಗೀಜರ ರಾಯಭಾರಿಯ ಜೊತೆಯಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜ್ಯಕ್ಕೆ ಬಂದನು. ಹಿಂದಿರುಗುವಾಗ ನಮ್ಮ ನೆರೆಯ ಬಸರೂರಿಗೂ ಬಂದನು. ಘಟ್ಟದ ದಾರಿಯಲ್ಲಿ ಸಾಮಾನುಗಳನ್ನು ಹೊರಿಸುವವರೆಗೆ ಅವನು ಒಂದು ಗುಡಿಯ ಮಂಟಪದಲ್ಲಿ ಕಾದಿರಬೇಕಾಯಿತು. ಅಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಲಿದ್ದರು. ನೆಲವು ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ಅವನು ಅವರನ್ನು ಮಾತನಾಡಿಸಿದನು. ಮರೆತರೆ, ತಪ್ಪಿದರೆ ತಿದ್ದುವರಾರು ಎಂದು ಕೇಳಿದನು. ನಾಲ್ವರೂ ಒಟ್ಟಿಗೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುವರೆಂಬ ಉತ್ತರವನ್ನು ಪಡೆದು, ಮೆಚ್ಚಿ ಬರೆದಿಟ್ಟನು. ಕೇಳಿದುದರಿಂದ ಆ ಮಕ್ಕಳ ಸಹಜತೆಯು ಕೆಟ್ಟಿತೆ? ಕೇಳದೆ ನೋಡಿ ಹೋಗಿದ್ದರೆ, ಮರಳಿನಲ್ಲಿ ಆಡುವ ಮಕ್ಕಳೆಂದು ತಾನೆ ಅವನು ತಿಳಿಯುತ್ತಿದ್ದುದು? ನಾಲ್ಕು ಶತಮಾನಗಳ ತರುವಾಯವೂ ನಮ್ಮ ಮಠದ ಓದಿನ ಕ್ರಮವು ಕಣ್ಣಿಗೆ ಕಟ್ಟುವಂತೆ ಉಳಿದಿರುವುದು ಆ ಒಂದು ಪ್ರಶ್ನೆಯಿಂದ.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ೧೮೬೮ರಿಂದ ೧೮೭೫ರ ವರೆಗೆ ಲಂಡನ್ನಿನಲ್ಲಿ ವಾಟ್ಸನ್ ಮತ್ತು ಕೇ ಎಂಬವರ ಸಂಪಾದಕತ್ವದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಗ್ರಂಥವು ಹೊರಟಿತು. ನಮ್ಮ ದೇಶದ ನಾನಾ ಜನರ ನೂರಾರು ಛಾಯಾಚಿತ್ರಗಳು ಅದರಲ್ಲಿವೆ. ಅನೇಕ ಚಿತ್ರಗಳ ಕೆಳಗೆ ಜಾತಿಯ ಹೆಸರುಂಟು, ಕುಲದ ಗುಣದೋಷಗಳ ತೀರ್ಪುಂಟು. ಆ ಮನುಷ್ಯನ ಹೆಸರಿಲ್ಲ. ೧೮೬೯ರಲ್ಲಿ ಲಂಡನ್ನಿನಲ್ಲಿದ್ದ ಸೈಯದ್ ಅಹಮದ್ ಖಾನರು ಈ ಗ್ರಂಥವನ್ನು ನೋಡಿ ನೊಂದು ಊರಿಗೆ ಪತ್ರ ಬರೆದರು. ಅದನ್ನು ನೋಡುತ್ತಿದ್ದ ಅವರ ಮಗನನ್ನು ಆಂಗ್ಲ ತರುಣನೊಬ್ಬನು ನೀನು ಹಿಂದೂಸ್ಥಾನದವನೋ ಎಂದು ಕೇಳಿದಾಗ, ಹೌದೆಂದು ಹೇಳಿದ ಆ ಮಗನ ಮುಖವು ನಾಚಿಕೆಯಿಂದ ಕೆಂಪಾಯಿತಂತೆ. ಆ ಕಾಲದಲ್ಲಿ ‘ದೂರದೇಶದ ಜನ’ರೆಂದರೆ ನಾವು. ಇಂದು ನಮ್ಮ ಯುವಕರು ಕೈಯಲ್ಲಿ ಕ್ಯಾಮರಾ ಹಿಡಿದು ಆಫ್ರಿಕಕ್ಕೂ ಈಶಾನ್ಯದ ಬೆಟ್ಟಗಳಿಗೂ ಹೋಗುವರು. ಅಲ್ಲಿನ ಮುದುಕಿಯೊಬ್ಬಳ ಸುಕ್ಕುಗಟ್ಟಿದ ಮುಖವನ್ನು ಸೆರೆಹಿಡಿದು ತಂದು ‘ಬುಡಕಟ್ಟಿನ ಸ್ತ್ರೀ’ ಎಂದು ಕೆಳಗೆ ಬರೆಯುವರು. ಆಗ ನಮಗೆ ಆದ ಅವಮಾನವನ್ನು ಈಗ ನಾವು ಇತರರಿಗೆ ಮಾಡುತ್ತಿರುವೆವೆಂದು ಇವರಿಗೆ ತೋರುವುದಿಲ್ಲವೆ?

ಮೃಗಪಕ್ಷಿಗಳನ್ನು ಕೇಳುವುದು ಹೇಗೆಂದು ಮಿತ್ರರು ನಗಬಹುದು. ಮಾತು ಬಾರದ ಪ್ರಾಣಿಗಳು ಕೂಡ ಒಲ್ಲೆವೆಂಬುದನ್ನು ಚೆನ್ನಾಗಿಯೇ ತಿಳಿಸುವುವು. ಕಾಣುವ ಕಣ್ಣು ನಮಗಿರಬೇಕು. ಗಂಗೊಳ್ಳಿಯಿಂದ ತ್ರಾಸಿ, ಮರವಂತೆಗಳ ಕಡೆಗೆ ಹರಡಿರುವ ನಮ್ಮ ಮರಳದಂಡೆಯನ್ನೇ ನೋಡಿರಿ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಯು ಈ ಕರಾವಳಿಯ ದಂಡೆಗೆ ಬಂದು, ಮರಳನ್ನು ತೋಡಿ ಸುಮಾರು ನೂರು ಮೊಟ್ಟೆಗಳನ್ನು ಇಟ್ಟುಹೋಗುವುದು. ದಂಡೆಯನ್ನು ಏರುವಾಗ ಕಣ್ಣಿಗೆ ಬೆಳಕು ಬಿದ್ದರೆ, ಜನರ ಓಡಾಟವು ಕಂಡರೆ, ಅದು ಮೊಟ್ಟೆಯಿಡದೆಯೇ ಕಡಲಿಗೆ ಹಿಂದಿರುಗುವುದುಂಟು. ಸುಮಾರು ಐವತ್ತು ದಿನಗಳ ಮೇಲೆ ಹೊರಬರುವ ಮರಿಗಳು ಹೊಳೆಯುವ ದಿಗಂತವನ್ನೇ ಕಡಲೆಂದು ನಂಬಿ ನಡೆಯುವುವು. ದೀಪವನ್ನು ಕಂಡರೆ ದೀಪದ ಕಡೆಗೇ ತಿರುಗಿ ದಾರಿತಪ್ಪಿ ಸಾಯುವುವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಪ್ರಾಣಿಗೆ ಸ್ಥಾನವಿದೆ. ಹೀಗಿರುವಾಗ ಮೊಬೈಲಿನ ದೀಪವನ್ನು ಅದರ ಮುಖಕ್ಕೆ ಹಿಡಿದು ತೆಗೆದ ಚಿತ್ರಕ್ಕೆ ‘ವನ್ಯಪ್ರೇಮ’ವೆಂದು ಹೆಸರಿಡುವುದು ನ್ಯಾಯವೆ? ಘಟ್ಟದ ರಸ್ತೆಗಳಲ್ಲಿ ಮಂಗಗಳಿಗೆ ತಿಂಡಿಯೆಸೆದು, ಕಾಡಿನಿಂದ ಕೆಳಗಿಳಿಸಿ ಚಿತ್ರ ತೆಗೆಯುವವರೂ ಇದೇ ಪಂಕ್ತಿಯವರು. ತಿಂಡಿಯ ಆಸೆಗೆ ರಸ್ತೆಗಿಳಿದ ಮಂಗವು ವಾಹನದಡಿಗೆ ಬಿದ್ದಾಗ ಚಿತ್ರಕಾರರು ಅಲ್ಲಿರುವುದಿಲ್ಲ.

ಇಲ್ಲಿ ನನ್ನ ನಿಯಮಕ್ಕೆ ಒಂದು ಅಪವಾದವನ್ನು ನಾನೇ ಹೇಳಬೇಕು. ಮನುಷ್ಯನ ಚಿತ್ರಕ್ಕೆ ಹೆಸರೂ ಸ್ಥಳವೂ ಬೇಕು. ಗೂಡಿನ ಚಿತ್ರಕ್ಕೆ ಸ್ಥಳವನ್ನು ಬರೆಯಲಾಗದು. ಈಗಿನ ಮೊಬೈಲುಗಳು ಚಿತ್ರದೊಡನೆಯೇ ಸ್ಥಳದ ಗುರುತನ್ನೂ ಸೇರಿಸಿಬಿಡಬಲ್ಲವು. ಅದನ್ನು ತೆಗೆಯದೆ ಹಂಚಿದರೆ ಗೂಡಿಗೆ ದಾರಿ ತೋರಿಸಿದಂತೆಯೇ ಸರಿ. ಆದರೆ ಹಕ್ಕಿಗೂ ಅದರ ಜಾತಿಯ ಹೆಸರು ಬೇಕೇ ಬೇಕು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಅಲೆದವರು. ಆದರೂ ಚಿತ್ರವೇ ಸಾಕೆಂದು ಸುಮ್ಮನಾಗದೆ ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಪುಸ್ತಕವನ್ನು ಬರೆದರು. ನಮ್ಮ ಕೋಟದ ಶಿವರಾಮ ಕಾರಂತರು (೧೯೦೨–೧೯೯೭) ಮೂಕಚಿತ್ರಗಳ ಕಾಲದಲ್ಲಿಯೇ ಚಲಚ್ಚಿತ್ರಕ್ಕೆ ಕೈಹಾಕಿದವರು. ಯುರೋಪಿನ ಪ್ರವಾಸವನ್ನು ಮುಗಿಸಿ ಬಂದಮೇಲೆ ಅವರು ಬರೆದುದು ‘ಅಪೂರ್ವ ಪಶ್ಚಿಮ’ವೆಂಬ ಗ್ರಂಥವನ್ನು. ಕ್ಯಾಮರಾದ ಶಕ್ತಿಯನ್ನು ಬಲ್ಲ ಈ ಇಬ್ಬರೂ ಅಕ್ಷರವನ್ನು ಹಂಗೆಂದು ಎಣಿಸಲಿಲ್ಲ.

ಜಾತ್ರೆಯ ಸಾವಿರ ಜನರಲ್ಲಿ ಯಾರ ಯಾರ ಹೆಸರನ್ನು ಕೇಳುವುದೆಂದು ಆಕ್ಷೇಪಿಸಬಹುದು. ಜಾತ್ರೆಯ ಚಿತ್ರಕ್ಕೆ ಜಾತ್ರೆಯ ಹೆಸರು, ಊರು, ದಿನಾಂಕ ಸಾಕು. ಒಬ್ಬನ ಮುಖವನ್ನೇ ಆರಿಸಿ ತೆಗೆದಾಗ ಆ ಒಬ್ಬನನ್ನು ಕೇಳಬೇಕು. ಹೆಸರು ಬೇಡವೆಂದು ಅವನು ಹೇಳಿದರೆ ಬರೆಯಬಾರದು. ಚಿತ್ರವೇ ಬೇಡವೆಂದರೆ ತೆಗೆಯಬಾರದು. ಕೇಳಿದಾಗ ಅವನು ಕ್ಷಣಕಾಲ ಸೆಟೆದು ನಿಲ್ಲುವನು, ನಿಜ. ಸ್ವಲ್ಪ ಹೊತ್ತು ಜೊತೆಯಲ್ಲಿ ಕುಳಿತು ಮಾತನಾಡಿದರೆ ತಾನಾಗಿಯೇ ಸಡಿಲವಾಗುವನು. ಅಷ್ಟು ಹೊತ್ತು ಕುಳಿತುಕೊಳ್ಳಲು ಬಿಡುವಿಲ್ಲದವನು ಐದು ನದಿಗಳು ಕೂಡುವ ಪಂಚಗಂಗಾವಳಿಯ ತೀರಕ್ಕೆ ಬಂದು ಕಂಡುದಾದರೂ ಏನು?

ಛಾಯಾಚಿತ್ರವೇ ಬೇಡವೆಂದು ನಾನು ಹೇಳಿದೆನೆಂದು ಯಾರೂ ಭಾವಿಸಬಾರದು. ಕೊರೆದುಹೋದ ಕಡಲದಂಡೆ, ಬಿದ್ದುಹೋದ ಮನೆ, ಮರೆಯಾದ ದೋಣಿಯ ಮಾದರಿ, ಇವುಗಳನ್ನು ಲೇಖನಿಗಿಂತ ಕ್ಯಾಮರಾವೇ ಚೆನ್ನಾಗಿ ಉಳಿಸಬಲ್ಲುದು. ಆ ತರುಣನು ಬಂದುದು ಕೂಡ ಚಿತ್ರವನ್ನು ಹುಡುಕಿಕೊಂಡೇ. ನಾನು ಬೇಡುವುದು ಚಿತ್ರಕ್ಕೆ ಅದರ ಅರ್ಧಾಂಗವನ್ನು ಕೊಡಿರೆಂದು ಮಾತ್ರ.

ಕೊನೆಗೆ ನಮ್ಮ ಸಂಘಕ್ಕೆ ಒಂದು ಸೂಚನೆ. ಬರುವ ವಾರ್ಷಿಕೋತ್ಸವದಲ್ಲಿ ಭಾಷಣಗಳನ್ನು ಒಂದೆರಡು ಕಡಿಮೆಮಾಡಿ, ಒಂದು ಉದ್ದನೆಯ ಮೇಜನ್ನು ಹಾಕಿಸೋಣ. ಮನೆಮನೆಯ ಹಳೆಯ ಚಿತ್ರಗಳನ್ನು ಜನರು ಅಲ್ಲಿಗೆ ತರಲಿ. ಊರಿನ ಹಿರಿಯರು ನೋಡಿ ಗುರುತಿಸಲಿ. ಮೆದುವಾದ ಸೀಸದಕಡ್ಡಿಯಿಂದ, ಒತ್ತದೆ, ಹಿಂಬದಿಯಲ್ಲಿ ಹೆಸರು, ಊರು, ವರ್ಷಗಳನ್ನು ಬರೆಯೋಣ. ಶಾಯಿಯು ಎದುರುಬದಿಗೆ ಇಳಿದು ಮುಖವನ್ನೇ ಕೆಡಿಸುವುದಾದುದರಿಂದ ಶಾಯಿ ಬೇಡ. ಮೊಬೈಲಿನಲ್ಲಿಯೇ ಇರುವ ಚಿತ್ರಗಳಲ್ಲಿ ಮುಖ್ಯವಾದುವನ್ನು ಕಾಗದಕ್ಕೆ ಇಳಿಸಿ ಹಾಗೆಯೇ ಮಾಡೋಣ. ಆ ಮೇಜಿನ ಮೇಲ್ವಿಚಾರಣೆಯನ್ನು ನನ್ನ ಪ್ರತಿವಾದಿಗಳಾದ ತರುಣ ಮಿತ್ರರೇ ವಹಿಸಿಕೊಳ್ಳಬೇಕೆಂದು ನನ್ನ ಅಪೇಕ್ಷೆ; ಸೀಸದಕಡ್ಡಿಗಳನ್ನು ನಾನು ತರುವೆನು.

ನನ್ನ ತರಗತಿಯ ಚಿತ್ರದ ಹಿಂಬದಿಯಲ್ಲಿ ಇದುವರೆಗೆ ಹದಿನೇಳು ಹೆಸರುಗಳನ್ನು ಬರೆದಿರುವೆನು. ಇನ್ನು ಇಪ್ಪತ್ತನಾಲ್ಕು ಉಳಿದಿವೆ. ಚಿತ್ರವು ನಮ್ಮ ಮನೆಯ ಜಗಲಿಯಲ್ಲಿಯೇ ಇದೆ. ಆ ತರಗತಿಯಲ್ಲಿ ಓದಿದವರು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಯಾರಾದರೂ ಈ ಲೇಖನವನ್ನು ಓದಿದರೆ ದಯವಿಟ್ಟು ಬಂದು ನೋಡಬೇಕು. ಮೂರನೆಯ ಸಾಲನ್ನೂ ನಾಲ್ಕನೆಯ ಸಾಲಿನ ತುದಿಯನ್ನೂ ವಿಶೇಷವಾಗಿ ನೋಡಬೇಕು. ಮುಂಬಯಿಗೆ ಒಂದು ಕಾಗದವನ್ನು ಬರೆಯಬೇಕಾಗಿದೆ.