ಬೆಟ್ಟದ ಇಳಿಜಾರೂ ಕಾರ್ಮಿಕನ ಸೈಕಲ್ಲೂ

ಅತ್ತಿಬೆಲೆಯ ಒಂದು ಸೈಕಲ್ ಷಾಪಿನಲ್ಲಿ ಕುಳಿತು ನಾವು ಪಾಳಿ ಬಿಡುವ ಹೊತ್ತಿಗಾಗಿ ಕಾಯುತ್ತಿದ್ದೆವು. ಆಗ ಲೇತ್ ಕೆಲಸದ ತರುಣನೊಬ್ಬ ದಪ್ಪ ಟೈರಿನ ಹಳೆಯ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು, ಬ್ರೇಕಿನ ತಂತಿ ಬದಲಾಯಿಸಬೇಕೆಂದ. ಯಾರೋ ಬಳಸಿ ಬಿಟ್ಟ ಸೈಕಲ್ಲನ್ನು ಕಂತಿನಲ್ಲಿ ಕೊಂಡಿದ್ದನಂತೆ. ಎಲ್ಲಿಗಪ್ಪಾ ಸವಾರಿ ಎಂದು ಕೇಳಿದರೆ, ಭಾನುವಾರ ಗುಡ್ಡದ ಮೇಲಿನಿಂದ ಬಂಡೆಗಳ ನಡುವೆ ಇಳಿಯುವುದಕ್ಕೆ ಎಂದ!

ನಾವು ನಕ್ಕೆವು. ಆರು ದಿನ ಯಂತ್ರದ ಮುಂದೆ ದಣಿದ ಮೈಯನ್ನು ಏಳನೆಯ ದಿನ ಕಲ್ಲಿಗೆ ಬಡಿಯುವುದೇಕೆ? ಇದು ಲಕ್ಷ ರೂಪಾಯಿಯ ಸೈಕಲ್ಲಿಟ್ಟುಕೊಂಡವರ ಷೋಕಿಯಲ್ಲವೇ ಎಂದೂ ಹೇಳಿದೆವು. ಹೇಳಿದ್ದನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ; ಈ ಲೇಖನ ಅದಕ್ಕಾಗಿಯೇ.

ಮುಂದಿನ ಭಾನುವಾರ ಅವನು ನಮ್ಮನ್ನೂ ಆನೇಕಲ್ ಕಡೆಯ ಒಂದು ಗುಡ್ಡಕ್ಕೆ ಕರೆದೊಯ್ದ. ಒಂದು ಮಗ್ಗುಲಿಗೆ ನೀಲಗಿರಿ ತೋಪು, ಕುರುಚಲು ಕಾಡು; ಇನ್ನೊಂದು ಮಗ್ಗುಲನ್ನು ಕಲ್ಲುಗಣಿಯವರು ಆಗಲೇ ಅರ್ಧ ಕಡಿದಿದ್ದಾರೆ. ಮೇಲೆ ನಿಂತು ನೋಡಿದರೆ ದಾರಿಯೇ ಕಾಣಿಸದು. ಬಂಡೆಯ ಮೇಲೆ ನುರುಜುಗಲ್ಲು, ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಅಲ್ಲಲ್ಲಿ ಮೊಳಕಾಲೆತ್ತರದ ಕಲ್ಲಿನ ಮೆಟ್ಟಿಲು, ಬೇರುಗಳು, ಕೆಳಗೆ ಒಂದು ತಿರುವು. ಆ ಹುಡುಗ ಸೀಟನ್ನು ಇಳಿಸಿದ. ಟೈರಿನ ಗಾಳಿಯನ್ನು ಸ್ವಲ್ಪ ಬಿಟ್ಟ, ಕಲ್ಲನ್ನು ಟೈರು ಹಿಡಿಯಬೇಕಲ್ಲ. ಎರಡು ಪೆಡಲುಗಳನ್ನೂ ಸಮನಾಗಿಟ್ಟು ನಿಂತುಕೊಂಡ. ಸೊಂಟ ಹಿಂದಕ್ಕೆ, ಮೊಣಕೈ ಮಡಿಸಿ, ಬ್ರೇಕಿನ ಮೇಲೆ ಒಂದೊಂದೇ ಬೆರಳು. ಹೊರಟೇ ಹೋದ. ನಮಗೆ ಕಂಡದ್ದು ಧೂಳು ಮಾತ್ರ.

ಮತ್ತೆ ಮೇಲಕ್ಕೆ ಬಂದು ವಿವರಿಸಿದ. ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಆದರೆ ಅದನ್ನು ಒಮ್ಮೆಗೇ ಹಿಡಿದರೆ ಚಕ್ರ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಯಾವ ಕೈಯ ಬ್ರೇಕು ಯಾವ ಚಕ್ರದ್ದೆಂಬುದನ್ನು ಮೇಲೆಯೇ ಒತ್ತಿ ನೋಡಿಕೊಳ್ಳತಕ್ಕದ್ದು. ಕಲ್ಲಿನ ಮೆಟ್ಟಿಲು ಬರುವ ಮೊದಲು ವೇಗ ತಗ್ಗಿಸಬೇಕು, ಮೆಟ್ಟಿಲಿನ ಮೇಲೆ ಬ್ರೇಕನ್ನು ಸಡಿಲಿಸಬೇಕು. ಹಿಂದಿನ ಚಕ್ರವನ್ನು ಕಟ್ಟಿ ಎಳೆದುಕೊಂಡು ಜಾರುವವನು ಕೆಟ್ಟ ಸವಾರ. ಹಾಗೆ ಜಾರಿದ ಗೆರೆಯೇ ಮಳೆಗಾಲದಲ್ಲಿ ಕೊರಕಲಾಗಿ ದಾರಿಯನ್ನು ತಿನ್ನುತ್ತದೆ.

ನಾವೂ ಒಂದು ಕೈ ನೋಡೋಣವೆಂದು ತಲೆಗೆ ಅವನ ಹೆಲ್ಮೆಟ್ಟು ಏರಿಸಿ, ಅರ್ಧ ಇಳಿಜಾರಿನಿಂದ ಹೊರಟೆವು. ಕಣ್ಣೆಲ್ಲ ಮುಂದಿನ ಚಕ್ರದ ಎದುರಿನ ಕಲ್ಲಿನ ಮೇಲೆಯೇ. ಸೈಕಲ್ಲು ನೇರವಾಗಿ ಆ ಕಲ್ಲಿಗೇ ಹೋಯಿತು! ಮೊಣಕೈ ತರಚಿತು, ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದುದರಿಂದ ಮಾನ ಉಳಿಯಿತು. “ಕಲ್ ನೋಡ್ಬೇಡಿ ಮೇಷ್ಟ್ರೇ, ದಾರಿ ನೋಡಿ; ಕಣ್ಣು ಎಲ್ಲಿಗೆ ಹೋಗುತ್ತೋ ಗಾಡೀನೂ ಅಲ್ಲಿಗೇ ಹೋಗುತ್ತೆ” ಎಂದ ಅವನು. ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಒಬ್ಬ ಲೇತ್ ಕೆಲಸಗಾರನಿಂದ ಪಾಠ ಹೇಳಿಸಿಕೊಂಡೆವು. ಯಂತ್ರದ ಮುಂದೆ ಅಳತೆಯ ಕೂದಲೆಳೆಯನ್ನು ಗಮನಿಸುವ ಕೈಗೆ ಬ್ರೇಕಿನ ಹದ ಬೇಗ ಒಗ್ಗುತ್ತದೆಂದು ನಮಗೆ ತೋರುತ್ತದೆ.

ಇದು ಶ್ರೀಮಂತರ ಆಟವೆಂಬ ಮಾತಿಗೆ ಬರೋಣ. ಇದರ ಹುಟ್ಟನ್ನು ಕೇಳಿದರೆ ಆಶ್ಚರ್ಯವಾದೀತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ತರುಣರು ಗುಜರಿಗೆ ಬಿದ್ದಿದ್ದ 1930-40ರ ದಶಕಗಳ ದಪ್ಪ ಸೈಕಲ್ಲುಗಳನ್ನು ರಿಪೇರಿ ಮಾಡಿ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿನ ಒಂದು ದಾರಿಯಲ್ಲಿ ಪಂದ್ಯಗಳು ಆರಂಭವಾದವು. ಸುಮಾರು 2 ಮೈಲಿಯಲ್ಲಿ ಸುಮಾರು 1,300 ಅಡಿಗಳ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವರದು. ಕೆಳಗೆ ಬರುವಷ್ಟರಲ್ಲಿ ಚಕ್ರದ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದೇ ಹಾಗೆ. ಕಂಪನಿಗಳು ಬಂದು ಬೆಲೆ ಏರಿಸಿದ್ದು ಆಮೇಲಿನ ಕಥೆ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಬೆಟ್ಟದ ಸೈಕಲ್ ಸ್ಪರ್ಧೆ ಸೇರಿತು. 2023ರ ಅಕ್ಟೋಬರಿನಲ್ಲಿ ನೆರೆಯ ಕೇರಳದ ಪೊನ್ಮುಡಿಯಲ್ಲಿ ಏಷ್ಯಾ ಮಟ್ಟದ ಪಂದ್ಯವೇ ನಡೆಯಿತು. ನಮ್ಮಲ್ಲಿಯೂ ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅವರೇನು ಲಕ್ಷಾಧೀಶರೇ? ಕ್ರೀಡಾ ಹಾಸ್ಟೆಲ್ಲಿನ ಅನ್ನವೂ ಓಡಿಸಲು ಒಂದು ಸೈಕಲ್ಲೂ ಸಿಕ್ಕರೆ ಬಡವನ ಮಗನಿಗೆ ಕಾಲಿನ ಬಲ ಕಡಿಮೆಯೇನಲ್ಲ.

ಹಾಗಾದರೆ ಅತ್ತಿಬೆಲೆಯ ಹುಡುಗನಿಗೆ ಕೊರತೆ ಯಾವುದು? ಮೊದಲನೆಯದು ಜಾಗ. ಆನೇಕಲ್ ತಾಲ್ಲೂಕಿನ ಅಂಚಿಗೇ ಬನ್ನೇರುಘಟ್ಟದ ಕಾಡಿದೆಯಲ್ಲಾ ಎನ್ನಬಹುದು. ಅದು ರಾಷ್ಟ್ರೀಯ ಉದ್ಯಾನ, ಆನೆಗಳ ಮನೆ. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಲ್ಲಿ ಬೆಚ್ಚಿದ ಆನೆಯ ಎದುರು ಯಾವ ಬ್ರೇಕೂ ಕೆಲಸಕ್ಕೆ ಬಾರದು. ಅಲ್ಲಿಗೆ ಯಾರೂ ನುಗ್ಗಕೂಡದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಆದರೆ ಅದೇ ಕಾಡಿನ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನು, 2016ರ ಕರಡಿನಲ್ಲಿ ಸುಮಾರು 268 ಚದರ ಕಿಲೋಮೀಟರೆಂದಿದ್ದುದನ್ನು, 2020ರಲ್ಲಿ ಸುಮಾರು 168ಕ್ಕೆ ಇಳಿಸಿದವರು ಸೈಕಲ್ಲಿನ ಹುಡುಗರಲ್ಲ. ಈ ಇಳಿಜಾರು ಎಲ್ಲಕ್ಕಿಂತ ಕಡಿದಾದುದು!

ಬೆಂಗಳೂರಿನ ಸೈಕಲ್ಲಿನವರು ಕನಕಪುರ ರಸ್ತೆಯ ಬದಿಯ ತುರಹಳ್ಳಿಯ ಬಂಡೆಗಳ ಮೇಲೆ ಬಹುಕಾಲದಿಂದ ಕಲಿತವರು. 2021ರಲ್ಲಿ ಅರಣ್ಯ ಇಲಾಖೆಯವರು ಅಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ, ಕಾಡನ್ನು ಕಾಡಾಗಿಯೇ ಬಿಡಿ ಎಂದು ನಡೆಯುವವರು, ಓಡುವವರು, ಸೈಕಲ್ಲಿನವರು, ಸುತ್ತಲಿನ ನಿವಾಸಿಗಳು ಒಟ್ಟಾಗಿ ನಿಂತರು, ಯೋಜನೆ ನಿಂತಿತು. ಕಾಡಿನಲ್ಲಿ ಓಡಾಡುವವನೇ ಕಾಡಿನ ಕಾವಲುಗಾರನಾಗುತ್ತಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ನಾವು ಹೇಳಿದ ಗುಡ್ಡವನ್ನು ಕೇಳುವವರಿಲ್ಲದ್ದರಿಂದಲೇ ಅದರ ಅರ್ಧ ಜಲ್ಲಿಯಾಗಿ ಲಾರಿ ಹತ್ತಿದೆ.

ಎರಡನೆಯ ಕೊರತೆ ಭಾನುವಾರ. ಓವರ್‌ಟೈಮಿಲ್ಲದೆ ಮನೆ ಬಾಡಿಗೆ ಹೊರಡದವನಿಗೆ ವಾರದ ರಜೆ ಹೆಸರಿಗಷ್ಟೆ. ಈ ವಿಷಯವನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುವೆವು.

ಕೆಲವು ಸಂಗಾತಿಗಳು, ಕೂಲಿಯ ಪ್ರಶ್ನೆ ಬಿಟ್ಟು ಸೈಕಲ್ ಆಟದ ಮಾತೇಕೆ ಎನ್ನುವರು. ಹಾಗೆನ್ನುವವರು ಒಮ್ಮೆ ಆ ಹುಡುಗನ ಮುಖವನ್ನು ಪಾಳಿ ಮುಗಿದ ಮೇಲೂ ಇಳಿಜಾರು ಮುಗಿದ ಮೇಲೂ ನೋಡಲಿ. ವ್ಯಾಪಾರಿ ಬಂಧುಗಳಿಗೂ ಇದರಲ್ಲಿ ಪಾಲುಂಟು: ದಪ್ಪ ಟೈರು, ತಂತಿ, ಬ್ರೇಕ್ ರಬ್ಬರು ಇಲ್ಲಿಯೇ ದೊರೆತರೆ ಈ ಹುಡುಗರು ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ಹೋಗಬೇಕಾಗಿಲ್ಲ.

ಗುಡ್ಡದ ಉಳಿದ ಅರ್ಧದಲ್ಲಿ ಗಣಿ ನಿಲ್ಲಿಸಿ, ಒಂದು ಇಳಿಜಾರನ್ನು ಸೈಕಲ್ಲಿಗೂ ಒಂದು ದಾರಿಯನ್ನು ನಡೆಯುವವರಿಗೂ ಗುರುತಿಸಿಕೊಡಬೇಕೆಂದು ತಹಶೀಲ್ದಾರರಿಗೆ ಮನವಿಯೊಂದನ್ನು ಬರೆದಿದ್ದೇವೆ. ಕಾಗದ ಅದೇ ಸೈಕಲ್ ಷಾಪಿನಲ್ಲಿದೆ. ಷಾಪು ರಾತ್ರಿ ಎಂಟರವರೆಗೆ ತೆರೆದಿರುತ್ತದೆ.